ಕಸ್ಟಮ್ಸ್ ಬ್ರೋಕರ್ ಪರವಾನಗಿ: ಅಥಣಿಯ ಚಪ್ಪಲಿಯಿಂದ ಕಲಿಯುವ ಪಾಠ

ಯಾರು? ಆಮದು-ರಫ್ತುದಾರರ ಪರವಾಗಿ ಕಸ್ಟಮ್ಸ್ ಕಚೇರಿಯಲ್ಲಿ ಸರಕು ಬಿಡುಗಡೆಯ ಕೆಲಸ ನಡೆಸುವ ಪರವಾನಗಿದಾರ.

ಕಾನೂನು: ಕಸ್ಟಮ್ಸ್ ಕಾಯ್ದೆ 1962, ಕಲಂ 146, ಕಸ್ಟಮ್ಸ್ ಬ್ರೋಕರ್ಸ್ ಪರವಾನಗಿ ನಿಯಮಾವಳಿ 2018.

ಅರ್ಹತೆ: ಭಾರತೀಯ ಪೌರತ್ವ ಮತ್ತು ಪದವಿ. ಜೊತೆಗೆ ಸಿಎ, ಎಂಬಿಎ, ಎಲ್‌ಎಲ್‌ಬಿಯಂಥ ವೃತ್ತಿಪರ ಪದವಿ ಅಥವಾ ಬ್ರೋಕರ್ ಬಳಿ ಜಿ-ಕಾರ್ಡ್‌ದಾರ ನೌಕರರಾಗಿ ಕನಿಷ್ಠ 2 ವರ್ಷದ ಅನುಭವ.

ಪರೀಕ್ಷೆ: ನಡೆಸುವುದು ಕಸ್ಟಮ್ಸ್ ತರಬೇತಿ ಅಕಾಡೆಮಿಯಾದ ನ್ಯಾಸಿನ್ (NACIN). ಲಿಖಿತ: 150 ಪ್ರಶ್ನೆ, 450 ಅಂಕ, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಮೌಖಿಕ: 100 ಅಂಕ. ಉತ್ತೀರ್ಣರಾಗಲು ಎರಡರಲ್ಲೂ ಶೇ. 60 ಬೇಕು.

ನಮ್ಮ ಅಥಣಿ-ಚಿಕ್ಕೋಡಿ ಭಾಗದ ಸರಕು, ಸುಂಕಪಟ್ಟಿಯ ಅಧ್ಯಾಯ: ಪರೀಕ್ಷೆಗೆ ಬೇಕಾದ ಸರಕು ವರ್ಗೀಕರಣವನ್ನು ಊರಿನ ಮಾಲಿನಿಂದಲೇ ಅಭ್ಯಾಸ ಮಾಡಿ.
- ನಿಪ್ಪಾಣಿ ತಂಬಾಕು: 24
- ಚಿಕ್ಕೋಡಿ, ರಾಯಬಾಗ, ಕಾಗವಾಡ ಭಾಗದ ಸಕ್ಕರೆ: 17
- ಅಥಣಿ ದ್ರಾಕ್ಷಿ, ಒಣದ್ರಾಕ್ಷಿ: 8
- ಅಥಣಿಯ ಕೊಲ್ಹಾಪುರಿ ಚಪ್ಪಲಿ: 64. ತೊಗಲಿನ ಅಟ್ಟೆ, ಪಾದದ ಮೇಲೆ ಅಡ್ಡಪಟ್ಟಿ, ಹೆಬ್ಬೆರಳಿಗೆ ಸುತ್ತುಪಟ್ಟಿ ಇದ್ದರೆ ಉಪಶೀರ್ಷಿಕೆ 6403.20. ಈ ಚಪ್ಪಲಿಗೆ 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಗೆ ಜಂಟಿಯಾಗಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆಯಿತು.

ನೆನಪಿಡಿ: ಆಮದಿಗೆ ಬಿಲ್ ಆಫ್ ಎಂಟ್ರಿ (ಕಲಂ 46), ರಫ್ತಿಗೆ ಶಿಪ್ಪಿಂಗ್ ಬಿಲ್ (ಕಲಂ 50).

ಮಾದರಿ ಪ್ರಶ್ನೆ: ಒಣದ್ರಾಕ್ಷಿ ಯಾವ ಶೀರ್ಷಿಕೆಗೆ ಸೇರುತ್ತದೆ?
ಅ) 0806 ಆ) 1701 ಇ) 2401 ಈ) 6403
ಉತ್ತರ: ಅ