ಧ್ವನಿಮುದ್ರಣ ಮಂದಿರ

ಆಷಾಢ ಮಾಸದ ಒಂದು ಮಧ್ಯಾಹ್ನ. ಕರಾವಳಿಯ ಶಾಲೆಯ ಹೆಂಚಿನ ಮಾಡಿನ ಮೇಲೆ ಮಳೆ ಭೋರ್ಗರೆಯುತ್ತಿದೆ. ಗುರುಗಳು ಪಾಠ ಹೇಳುತ್ತಿದ್ದಾರೆ. ಕಿವಿಗೊಟ್ಟು ಕೇಳಿದರೆ ಅವರ ಮಾತು ಹೇಗೋ ತಿಳಿಯುತ್ತದೆ. ಬೇಕಾದ ದನಿಯನ್ನು ಆರಿಸಿಕೊಂಡು ಬೇಡವಾದುದನ್ನು ಬದಿಗಿರಿಸುವ ಶಕ್ತಿ ನಮ್ಮ ಮನಸ್ಸಿಗೆ ಉಂಟು. ಧ್ವನಿಮುದ್ರಣ ಯಂತ್ರಕ್ಕೆ ಈ ವಿವೇಕವಿಲ್ಲ. ಮಾತನ್ನೂ ಮಳೆಯನ್ನೂ ಅದು ಒಂದೇ ನಿಷ್ಠೆಯಿಂದ ಹಿಡಿದಿಡುತ್ತದೆ.

ಇದರಿಂದ ಒದಗುವ ನಷ್ಟ ಸಣ್ಣದಲ್ಲ. ತುಳುನಾಡಿನ ಪಾಡ್ದನಗಳು ಬಹುಕಾಲ ಹಾಡುವವರ ಕಂಠದಲ್ಲಿಯೇ ಉಳಿದು ಬಂದವು. 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಸಂಗಡಿಗರು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದ ಆ ಕಾವ್ಯದಲ್ಲಿ 15,683 ಸಾಲುಗಳಿವೆ. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ಇಂತಹ ಕಲೆಗಳನ್ನು ದಾಖಲಿಸುವ ಕೆಲಸ ಮಾಡಿದೆ. ಹಾಡುವವರು ಕಾಲವಾದ ಮೇಲೆ ಕೆಟ್ಟ ಮುದ್ರಣವನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶ ದೊರೆಯದು.

ಆದುದರಿಂದ ಧ್ವನಿಮುದ್ರಣ ಮಂದಿರವನ್ನು ಕಟ್ಟುವವನು ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ. ಹೊರಗಿನ ಸದ್ದನ್ನು ತಡೆಯುವುದು ಒಂದು. ಒಳಗಿನ ದನಿಯನ್ನು ಹದಗೊಳಿಸುವುದು ಇನ್ನೊಂದು. ಇವೆರಡೂ ಒಂದೇ ಎಂದು ಭಾವಿಸುವುದೇ ಸಾಮಾನ್ಯವಾದ ತಪ್ಪು.

ಮೊದಲನೆಯದಕ್ಕೆ ಬೇಕಾದುದು ತೂಕ. ಕಾಪುವಿನ ಕಡಲ ಮೊರೆತವನ್ನಾಗಲಿ, ಹೆದ್ದಾರಿಯ ವಾಹನಗಳ ಆರ್ಭಟವನ್ನಾಗಲಿ ಭಾರವಾದ ಗೋಡೆ ಮಾತ್ರ ತಡೆಯಬಲ್ಲದು. ನಮ್ಮ ಕಡೆಯ ಮುರಕಲ್ಲು ಭಾರವೇನೋ ಹೌದು. ಆದರೆ ಅದರ ಮೈತುಂಬ ರಂಧ್ರಗಳು. ಅವುಗಳ ಮೂಲಕ ಗಾಳಿ ನುಸುಳಿದರೆ ಸದ್ದೂ ನುಸುಳುತ್ತದೆ. ಆದಕಾರಣ ಅದಕ್ಕೆ ಎರಡೂ ಬದಿಗೆ ಗಾರೆ ಮಾಡಬೇಕು. ಬಾಗಿಲು ಕಿಟಕಿಗಳ ಸಂದಿಗಳನ್ನೂ ಮುಚ್ಚಬೇಕು. ಗೋಡೆಯ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದ ಭಾಗ ಎಷ್ಟೇ ದಪ್ಪವಿರಲಿ, ಅದರ ಮೇಲೆ ಬೀಳುವ ಶಬ್ದಶಕ್ತಿಯ ನೂರರಲ್ಲೊಂದು ಪಾಲು ಒಳಗೆ ಬಂದೇ ತೀರುತ್ತದೆ. ಮಳೆಯ ಹೊಡೆತ ಮಾಡಿನಿಂದ ಗೋಡೆಗೂ ನೆಲಕ್ಕೂ ಹರಡುವುದರಿಂದ, ಒಳ್ಳೆಯ ಮಂದಿರದಲ್ಲಿ ಕೋಣೆಯೊಳಗೆ ಇನ್ನೊಂದು ಕೋಣೆಯನ್ನು ಕಟ್ಟಿ, ಅದನ್ನು ರಬ್ಬರಿನ ಆಧಾರದ ಮೇಲೆ ನಿಲ್ಲಿಸುತ್ತಾರೆ.

ಇಷ್ಟಾದರೆ ಕೆಲಸ ಮುಗಿಯಿತೇ? ಇಲ್ಲ. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಕಾಣುವಂಥ ಕಣಶಿಲೆ ಹೊರಗಿನ ಸದ್ದಿಗೆ ಉತ್ತಮ ತಡೆ. ಆದರೆ ಅಂಥ ಕಲ್ಲು ತನ್ನ ಮೇಲೆ ಬಿದ್ದ ದನಿಯನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಹೀಗೆ ಮರಳುವ ದನಿಗಳು ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಇದಕ್ಕೆ ಅನುರಣನವೆಂದು ಹೆಸರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಉಳಿಯುತ್ತಿತ್ತು. 1895ರಲ್ಲಿ ಇದಕ್ಕೆ ಪರಿಹಾರ ಹುಡುಕಲು ತೊಡಗಿದ ಯುವ ಅಧ್ಯಾಪಕ ವಾಲೇಸ್ ಸಬೈನ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ದನಿ ಎಷ್ಟು ಬೇಗ ಅಡಗುವುದೆಂದು ಅಳೆದನು. ಕೋಣೆಯ ಗಾತ್ರಕ್ಕೂ ಅದು ಹೀರುವ ದನಿಗೂ ಇರುವ ಸಂಬಂಧವನ್ನು ಸೂತ್ರವಾಗಿ ಕೊಟ್ಟವನು ಅವನೇ.

ದನಿಯನ್ನು ಹೀರಬೇಕಾದರೆ ಮೃದುತ್ವದೊಡನೆ ದಪ್ಪವೂ ಬೇಕು. ಸೆಕೆಂಡಿಗೆ 1000 ಕಂಪನಗಳ ನಾದದ ತರಂಗ ಸುಮಾರು 34 ಸೆಂಟಿಮೀಟರು ಉದ್ದ. 100 ಕಂಪನಗಳದ್ದು 3.4 ಮೀಟರು. ತೆಳುವಾದ ಪರದೆ ತಾಳದ ಕಿಣಿಕಿಣಿಯನ್ನು ತಗ್ಗಿಸಬಹುದು. ತಗ್ಗಿನ ನಾದಕ್ಕೆ ಅದು ಸಾಲದು. ಮೂಲೆಗಳಲ್ಲಿ ದಪ್ಪನೆಯ ಉಣ್ಣೆಯಂತಹ ಹೊದಿಕೆ ಬೇಕು. ಕೆಲವರು ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸುತ್ತಾರೆ. ಅವುಗಳಿಗೆ ಸದ್ದನ್ನು ತಡೆಯುವ ತೂಕವೂ ಇಲ್ಲ, ಹೀರುವ ದಪ್ಪವೂ ಇಲ್ಲ. ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ಹಾಗೆಂದು ಎಲ್ಲವನ್ನೂ ಹೀರಿಬಿಟ್ಟರೆ ಹಾಡು ನಿರ್ಜೀವವಾಗುತ್ತದೆ. ಹದವೇ ಮುಖ್ಯ.

ಮಂದಿರ ಕಟ್ಟಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಅಜ್ಜಿಯ ಹಾಡನ್ನು ಉಳಿಸಿಕೊಳ್ಳಬೇಕೆನ್ನುವವರು ಮಳೆ ನಿಂತ ಹೊತ್ತನ್ನು ಕಾಯಬಹುದು, ಹಾಸಿಗೆ ಬಟ್ಟೆಗಳು ತುಂಬಿದ ಕೋಣೆಯನ್ನು ಆರಿಸಬಹುದು, ಯಂತ್ರವನ್ನು ಅವಳ ಸಮೀಪದಲ್ಲಿಡಬಹುದು. ಅಷ್ಟು ಎಚ್ಚರವಿದ್ದರೆ ಮುಂದಿನವರಿಗೆ ಅವಳ ದನಿಯೇ ಕೇಳಿಸುತ್ತದೆ, ಮಳೆಯದಲ್ಲ.

ಅಭ್ಯಾಸ

1. ಮುರಕಲ್ಲಿನ ಗೋಡೆಗೆ ಎರಡೂ ಬದಿಗೆ ಗಾರೆ ಮಾಡಬೇಕು, ಏಕೆ?
2. ಅನುರಣನವೆಂದರೇನು?
3. ಸದ್ದನ್ನು ತಡೆಯುವುದಕ್ಕೂ ದನಿಯನ್ನು ಹೀರುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.