ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹನ್ನೊಂದು ಮಾತು: ಹುದ್ದೆಯೂ ಏರಲಿ, ಸಂಬಳವೂ ಏರಲಿ

ಎಂಟು-ಹತ್ತು ವರ್ಷ ಕೋಡ್ ಬರೆದೋ ಟೆಸ್ಟಿಂಗ್ ಮಾಡಿಯೋ ಪ್ರಾಜೆಕ್ಟ್ ಮ್ಯಾನೇಜರ್ ಆದವರು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ಅದೇ ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ. ದುಡಿಮೆಗೇನೂ ಕೊರತೆಯಿಲ್ಲ. ಬೆಳಗಿನ ಸ್ಟ್ಯಾಂಡಪ್‌ನಿಂದ ರಾತ್ರಿ ಹತ್ತರ ಅಮೆರಿಕದ ಕಾಲ್‌ವರೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆದರೂ ಏಪ್ರಿಲ್ ಬಂದಾಗ ಹೈಕ್ ಕೈಗೆ ಹತ್ತುವುದಿಲ್ಲ. ಕಂಪನಿಯ ಹಣ ಕಾಯುವವರಿಗೆ, ನಿರ್ಧಾರದ ಹೊಣೆ ಹೊರುವವರಿಗೆ ಮಾತ್ರ ದೊಡ್ಡ ಸಂಬಳ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

1. ಅಂಚೆಯಣ್ಣನಾಗಿ ಉಳಿಯಬೇಡಿ

ಕ್ಲೈಂಟ್ ಹೇಳಿದ್ದನ್ನು ಡೆವಲಪರ್‌ಗೆ, ಡೆವಲಪರ್ ಹೇಳಿದ್ದನ್ನು ಕ್ಲೈಂಟ್‌ಗೆ ತಲುಪಿಸುವುದಷ್ಟೇ ನಿಮ್ಮ ದಿನವಾಗಿದ್ದರೆ ಎಚ್ಚರವಾಗಿರಿ. ಮೀಟಿಂಗ್‌ನ ಟಿಪ್ಪಣಿ, ವಾರದ ರಿಪೋರ್ಟ್ ಇವನ್ನೆಲ್ಲ ಈಗ ಎಐ ಸಾಧನಗಳು ಚಹಾ ಆರುವುದರೊಳಗೆ ಬರೆದುಕೊಡುತ್ತವೆ. ಇಬ್ಬರು ಸೀನಿಯರ್‌ಗಳು ಪಟ್ಟು ಹಿಡಿದು ಕೂತಾಗ ಯಾವ ದಾರಿ ಎಂದು ಹೇಳುವುದು ಮಾತ್ರ ಇನ್ನೂ ಮನುಷ್ಯರ ಪಾಲಿನ ಕೆಲಸ.

2. ನಿಮ್ಮ ಪ್ರಾಜೆಕ್ಟಿನ ಮಾರ್ಜಿನ್ ಎಷ್ಟು, ಬಾಯಲ್ಲಿರಲಿ

ಇದೊಂದು ಗೊತ್ತಿದ್ದರೆ ಉಳಿದದ್ದು ಅರ್ಧ ಗೊತ್ತಾದಂತೆ. ಒಂದು ಲೆಕ್ಕ ನೋಡಿ. ಹತ್ತು ಜನರ ತಂಡ, ಗಂಟೆಗೆ ತಲಾ 25 ಡಾಲರ್, ತಿಂಗಳಿಗೆ 160 ಗಂಟೆ ಎಂದಿಟ್ಟುಕೊಳ್ಳೋಣ. ತಿಂಗಳ ಬಿಲ್ 40,000 ಡಾಲರ್. ಇಬ್ಬರ ಆನ್‌ಬೋರ್ಡಿಂಗ್ ತಡವಾಗಿ ಒಂದು ತಿಂಗಳು ಬಿಲ್ ಆಗದೆ ಕೂತರು ಅನ್ನಿ, 8,000 ಡಾಲರ್ ಹೋಯಿತು. ಅವರ ಸಂಬಳದ ಖರ್ಚು ಒಂದು ಪೈಸೆಯೂ ಇಳಿಯಲಿಲ್ಲ. ಕ್ಲೈಂಟ್ ಕಡೆಯ ಲಾಗಿನ್, ಲ್ಯಾಪ್‌ಟಾಪ್, ಹಿನ್ನೆಲೆ ತಪಾಸಣೆ ಎಂಬ ಸಣ್ಣ ಸಣ್ಣ ಕೆಲಸಗಳ ಹಿಂದೆ ಬಿದ್ದು ಅವರನ್ನು ಹದಿನೈದು ದಿನ ಮೊದಲೇ ಬಿಲ್ಲಿಂಗ್‌ಗೆ ತಂದ ಮ್ಯಾನೇಜರ್ 4,000 ಡಾಲರ್ ಉಳಿಸಿದ. ಅಪ್ರೈಸಲ್‌ನಲ್ಲಿ ಹೇಳಬೇಕಾದ ಮಾತು ಇದು. ಆದರೆ ಹೆಚ್ಚಿನವರು ಹೇಳುವುದು "ತಂಡದೊಂದಿಗೆ ಉತ್ತಮ ಸಮನ್ವಯ ಸಾಧಿಸಿದೆ" ಎಂದು.

ಸೀನಿಯರ್ ಒಬ್ಬರನ್ನು ತೆಗೆದು ಫ್ರೆಶರ್‌ಗಳನ್ನು ತುಂಬಿದರೂ ಮಾರ್ಜಿನ್ ಏರುತ್ತದೆ, ನಿಜ. ಅತಿಯಾದರೆ ಆರು ತಿಂಗಳಲ್ಲಿ ಬಗ್‌ಗಳ ರೂಪದಲ್ಲಿ ಆ ಹಣ ವಾಪಸ್ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಮೇಲಿನವರಿಗೆ ಹೇಳುವ ಧೈರ್ಯವೂ ನಿಮ್ಮ ಕೆಲಸದಲ್ಲೇ ಸೇರಿದೆ.

3. ಒಂದು ಭಾಗಾಕಾರ ಕಲಿಯಿರಿ

ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟ್‌ನಲ್ಲಿ ಮುಗಿದ ಕೆಲಸದ ಬೆಲೆಯನ್ನು ಆದ ಖರ್ಚಿನಿಂದ ಭಾಗಿಸಿ. ಬಜೆಟ್ 10 ಲಕ್ಷ, ಅರ್ಧ ಕೆಲಸ ಮುಗಿದಿದೆ, ಅಂದರೆ 5 ಲಕ್ಷದ ಕೆಲಸ. ಖರ್ಚಾದದ್ದು 6.25 ಲಕ್ಷ. ಉತ್ತರ 0.8. ಇದೇ ಗತಿಯಲ್ಲಿ ನಡೆದರೆ ಕೊನೆಗೆ 12.5 ಲಕ್ಷ ಬೇಕು. ಪುಸ್ತಕಗಳು ಇದನ್ನು ಸಿಪಿಐ ಎನ್ನುತ್ತವೆ. ಪರೀಕ್ಷೆಗೆಂದು ಕಲಿತು ಮರೆಯುವವರೇ ಹೆಚ್ಚು. ಅರ್ಧ ದಾರಿಯಲ್ಲೇ ಈ ಅಂಕಿ ಹಿಡಿದು ಡೆಲಿವರಿ ಹೆಡ್ ಬಳಿ ಹೋಗುವವರನ್ನು ಅವರು ಮುಂದಿನ ದೊಡ್ಡ ಪ್ರಾಜೆಕ್ಟ್ ಬಂದಾಗ ನೆನೆಯುತ್ತಾರೆ.

4. "ಸಣ್ಣ ಬದಲಾವಣೆ ಅಷ್ಟೇ" ಎಂಬ ಮಾತಿಗೆ ಬೆಲೆ ಕಟ್ಟಿ

ಕ್ಲೈಂಟ್ ಒಂದು ಬಟನ್ ಕೇಳುತ್ತಾರೆ. ಬಟನ್ ಹಿಂದೆ ಒಂದು ರಿಪೋರ್ಟ್, ರಿಪೋರ್ಟ್ ಹಿಂದೆ ಮೂರು ಟೇಬಲ್. ಇಲ್ಲ ಎನ್ನಬೇಡಿ, ಸುಮ್ಮನೆ ಹೂಂ ಎನ್ನಲೂಬೇಡಿ. "ಆಗಲಿ, ಎಷ್ಟು ದಿನ, ಎಷ್ಟು ಹಣ ಎಂದು ಸಂಜೆಯೊಳಗೆ ಬರೆದು ಕಳಿಸುತ್ತೇನೆ" ಎನ್ನಿ. ಬರೆದು ಕಳಿಸಿದ ಮೇಲೆ ಅರ್ಧದಷ್ಟು ಬೇಡಿಕೆಗಳು ತಾವಾಗಿಯೇ ಮಾಯವಾಗುತ್ತವೆ. ಉಳಿದವು ಕಂಪನಿಗೆ ಆದಾಯ. ಚೇಂಜ್ ರಿಕ್ವೆಸ್ಟ್ ಬರೆಯಲು ಸಂಕೋಚಪಡುವುದು ನಮ್ಮವರಲ್ಲಿ ಜಾಸ್ತಿ. ಆ ಸಂಕೋಚದ ಬೆಲೆಯನ್ನು ಶನಿವಾರ-ಭಾನುವಾರ ಕೆಲಸ ಮಾಡಿ ತೆರುವುದು ನಿಮ್ಮ ತಂಡ.

5. ಕೆಟ್ಟ ಸುದ್ದಿ ಬೇಗ ಹೇಳಿ

ಇ. ಶ್ರೀಧರನ್ ಅವರ ಮುಂದಾಳ್ತನದಲ್ಲಿ ಕೊಂಕಣ ರೈಲು ಮಾರ್ಗ ಕಟ್ಟುವಾಗ, ಉಳಿದ ದಿನಗಳನ್ನು ತೋರಿಸುತ್ತ ಹಿಂದಕ್ಕೆ ಎಣಿಸುವ ಗಡಿಯಾರಗಳನ್ನು ಕಾಮಗಾರಿಯ ಸ್ಥಳಗಳಲ್ಲಿ ಹಾಕಲಾಗಿತ್ತು. ಮಣ್ಣು ಕುಸಿಯುವ ಸುರಂಗಗಳು, ಕಾಳಿ, ಶರಾವತಿಯಂಥ ನದಿಗಳನ್ನು ದಾಟಿ ಕಾರವಾರ, ಉಡುಪಿಯ ಮೂಲಕ ಮಂಗಳೂರಿನ ಹತ್ತಿರದ ತೋಕೂರಿಗೆ ಬರುವ ಆ ಮಾರ್ಗ 1998ರಲ್ಲಿ ಪೂರ್ತಿ ತೆರೆಯಿತು. ಎಷ್ಟು ತಡವಾಗಿದೆ ಎಂಬುದು ಇಂಜಿನಿಯರ್‌ಗೂ ಕೂಲಿಯವರಿಗೂ ಒಟ್ಟಿಗೆ ಕಾಣುತ್ತಿತ್ತು, ಮುಚ್ಚಿಡಲು ಜಾಗವಿರಲಿಲ್ಲ. ನಮ್ಮ ರಿಪೋರ್ಟ್‌ಗಳಲ್ಲಾದರೋ ಎರಡು ತಿಂಗಳು ಹಸಿರು ತೋರಿಸಿ ಕೊನೆಯ ವಾರ ಏಕಾಏಕಿ ಕೆಂಪು! ಕ್ಲೈಂಟ್ ತಡವನ್ನು ಕ್ಷಮಿಸಿಯಾರು, ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ. ಸುದ್ದಿಯ ಜೊತೆ ಎರಡು ಪರಿಹಾರವನ್ನೂ ಒಯ್ಯಿರಿ.

6. ಪಿಎಂಪಿ ಮಾಡಿ, ಆದರೆ ಅದಕ್ಕೆ ಕೈಮುಗಿಯಬೇಡಿ

ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1969ರಲ್ಲಿ ಹುಟ್ಟಿತು, ಪಿಎಂಪಿ ಪ್ರಮಾಣಪತ್ರ ಶುರುವಾದದ್ದು 1984ರಲ್ಲಿ. ಪದವೀಧರರಿಗೆ ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ ಮತ್ತು 35 ಗಂಟೆಗಳ ತರಬೇತಿ ಬೇಕು. ಡಿಪ್ಲೊಮಾದವರಿಗೆ ಅನುಭವ 60 ತಿಂಗಳು. ಪಾಸಾದ ಮೇಲೂ ಮೂರು ವರ್ಷಕ್ಕೊಮ್ಮೆ 60 ಅಂಕಗಳ ಕಲಿಕೆ ತೋರಿಸಿ ನವೀಕರಿಸಬೇಕು. ಎಚ್‌ಆರ್ ಜರಡಿಯಲ್ಲಿ ನಿಮ್ಮ ರೆಸ್ಯೂಮೆ ಉಳಿಯಲು ಇದು ನೆರವಾಗುತ್ತದೆ, ಸಂದರ್ಶನದ ಕೋಣೆಯಲ್ಲಿ ಆಗುವುದಿಲ್ಲ. ಕಂಪನಿಯೇ ಶುಲ್ಕ ಭರಿಸುತ್ತದೆಯೇ ಎಂದು ಮೊದಲು ಕೇಳಿ. ಸ್ಕ್ರಮ್ ಗೈಡ್ ಅಂತೂ ಉಚಿತ, ಹದಿನೈದು ಪುಟವೂ ಇಲ್ಲ. ಅದನ್ನೂ ಓದದೆ ಸಾವಿರಾರು ರೂಪಾಯಿಯ ಕೋರ್ಸ್‌ಗೆ ಸೇರುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.

7. ಒಂದು ಉದ್ಯಮವನ್ನು ಆಳವಾಗಿ ಹಿಡಿಯಿರಿ

ಬ್ಯಾಂಕಿಂಗ್, ವಿಮೆ, ಆಸ್ಪತ್ರೆ, ವಾಹನ, ಯಾವುದಾದರೂ ಸರಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ವ್ಯವಹಾರದ ದತ್ತಾಂಶವನ್ನು ಭಾರತದಲ್ಲೇ ಇಡಬೇಕೆಂದು ಹೇಳಿ ಆರು ತಿಂಗಳ ಗಡುವು ಕೊಟ್ಟಿತು. ಅಂಥ ಸುತ್ತೋಲೆ ಬಂದ ದಿನ ಅದರಿಂದ ಯಾವ ಸರ್ವರ್, ಯಾವ ಒಪ್ಪಂದ, ಯಾವ ತಾರೀಖು ಬದಲಾಗುತ್ತದೆ ಎಂದು ಹೇಳಬಲ್ಲವರಿಗೆ ಬೇಡಿಕೆ. ಜಿರಾ ಬೋರ್ಡ್ ನಡೆಸುವುದು ಎಲ್ಲರಿಗೂ ಬರುತ್ತದೆ.

8. ಇಂಗ್ಲಿಷಿನ ಅಂಜಿಕೆಗೆ ಮದ್ದು: ಚಿಕ್ಕ ವಾಕ್ಯ

ಕನ್ನಡ ಮಾಧ್ಯಮದಲ್ಲಿ ಓದಿದವರು ದೊಡ್ಡ ಪದಗಳಿಗಾಗಿ ತಡಕಾಡಿ ಮಾತೇ ಆಡದೆ ಉಳಿಯುತ್ತಾರೆ. ಏನಾಯಿತು, ನಿಮ್ಮಿಂದ ಏನು ಬೇಕು, ಯಾವಾಗ ಬೇಕು: ಮೂರು ಸಾಲಿನ ಮೇಲ್ ಸಾಕು. ಉಚ್ಚಾರಣೆಗಿಂತ ಸ್ಪಷ್ಟತೆಗೇ ಕ್ಲೈಂಟ್ ಸಹಿ ಹಾಕುವುದು.

9. ಅಪ್ರೈಸಲ್‌ಗೆ ವರ್ಷವಿಡೀ ಬರೆದಿಡಿ

ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳಬಾರದು ಎಂದು ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ. ಮದುವೆಮನೆಯಲ್ಲಿ ಅದು ಒಳ್ಳೆಯ ನಡತೆ, ಆಫೀಸಿನಲ್ಲಿ ನಷ್ಟ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯನ್ನೂ ಅದೇ ಮನೆಗಳಲ್ಲಿ ಕಲಿಸಿದ್ದಾರಲ್ಲ! ಪ್ರತಿ ಶುಕ್ರವಾರ ಒಂದು ಫೈಲ್‌ನಲ್ಲಿ ಉಳಿಸಿದ ಹಣ, ತಪ್ಪಿಸಿದ ತಡ, ಕ್ಲೈಂಟ್‌ನ ಮೆಚ್ಚುಗೆಯ ಮೇಲ್ ಇಷ್ಟನ್ನು ಸೇರಿಸಿ. ತಂಡದವರ ಹೆಸರನ್ನೂ ಸೇರಿಸಿ. ಅವರ ಸಾಧನೆ ನುಂಗುವ ಮ್ಯಾನೇಜರ್‌ನಿಂದ ಒಳ್ಳೆಯವರು ಮೊದಲು ಹೋಗುತ್ತಾರೆ.

10. ಆಫರ್ ಲೆಟರ್ ಕೊನೆಯ ಪುಟದವರೆಗೆ ಓದಿ

ಸಿಟಿಸಿ ಎಂದರೆ ಕೈಗೆ ಬರುವ ಹಣವಲ್ಲ. ವೇರಿಯಬಲ್ ಪೇ ಎಷ್ಟು, ಅದು ಯಾರ ಗುರಿಗೆ ಕಟ್ಟಿದೆ, ಪಿಎಫ್‌ನ ಕಂಪನಿ ಪಾಲು ಮತ್ತು ಗ್ರಾಚ್ಯುಟಿಯನ್ನೂ ಅದರಲ್ಲೇ ಸೇರಿಸಿದ್ದಾರೆಯೇ ನೋಡಿ. ಖಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷದ ಸೇವೆಯ ಮೇಲೆ. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಕೊಡುವವರು ಒಮ್ಮೆ ಕ್ಯಾಲೆಂಡರ್ ನೋಡಲಿ.

ಹೆಚ್ಚುವರಿ ಗಳಿಕೆಗೆಂದು ಕದ್ದುಮುಚ್ಚಿ ಇನ್ನೊಂದು ಕಂಪನಿಗೆ ದುಡಿಯಬೇಡಿ. ಮೂನ್‌ಲೈಟಿಂಗ್ ಕಾರಣಕ್ಕೆ 300 ಮಂದಿಯನ್ನು ತೆಗೆದದ್ದಾಗಿ ವಿಪ್ರೋ 2022ರಲ್ಲಿ ಬಹಿರಂಗವಾಗಿಯೇ ಹೇಳಿತು. ವಾರಾಂತ್ಯದ ತರಬೇತಿಗೆ ಲಿಖಿತ ಅನುಮತಿ ಕೇಳಿ. ಸಿಕ್ಕರೆ ಆ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಿ.

11. ಮುಂದಿನ ಮೆಟ್ಟಿಲು ಯಾವುದೆಂದು ಮೊದಲೇ ಆರಿಸಿ

ಸೇವಾ ಕಂಪನಿಯಲ್ಲಿ ಪ್ರೋಗ್ರಾಂ ಮ್ಯಾನೇಜರ್, ಆಮೇಲೆ ಡೆಲಿವರಿ ಹೆಡ್. ಅಲ್ಲಿ ಮಾರ್ಜಿನ್ ಮಾತಾಡುತ್ತದೆ. ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳಾದ ಜಿಸಿಸಿಗಳಲ್ಲಿ ಹೊರಗಿನ ಕ್ಲೈಂಟ್‌ಗೆ ಬಿಲ್ ಮಾಡುವ ಗೊಡವೆಯಿಲ್ಲ. ಅಲ್ಲಿ ಬಜೆಟ್, ಉತ್ಪನ್ನ ಮತ್ತು ಮುಖ್ಯ ಕಚೇರಿಯ ವಿಶ್ವಾಸ ಮುಖ್ಯ. ಇಂಥ ಕೇಂದ್ರಗಳನ್ನು ಸೆಳೆಯಲೆಂದೇ ಕರ್ನಾಟಕ ಸರ್ಕಾರ 2024ರಲ್ಲಿ ಪ್ರತ್ಯೇಕ ನೀತಿ ತಂದಿದೆ, ಅವಕಾಶಗಳು ಬೆಂಗಳೂರಿನಾಚೆಗೂ ತೆರೆಯಬಹುದು. ಮೇಲಧಿಕಾರಿಯನ್ನು ನೇರವಾಗಿ ಕೇಳಿ: "ಮುಂದಿನ ಹುದ್ದೆಗೆ ನನ್ನಲ್ಲಿ ಏನು ಕೊರತೆ?" ಹೇಳಿದ್ದನ್ನು ಮಾಡಿ ತೋರಿಸಿ, ವರ್ಷದ ನಂತರ ಮತ್ತೆ ಕೇಳಿ. ಆಗ ಇನ್ನೊಂದು ಹೊಸ ಕೊರತೆ ಹುಟ್ಟಿಕೊಂಡಿದ್ದರೆ ಅಲ್ಲಿ ಕಾಯಬೇಡಿ, ರೆಸ್ಯೂಮೆ ತಿದ್ದಲು ಕೂತುಕೊಳ್ಳಿ.