ಮೂರು ವಾದ್ಯ ಸಾಕು: ಸಿಂಥಸೈಜರ್ ಆಯ್ಕೆಯ ಒಂದು ಪಾಠ

"ಸರ್, ಒಂದು ಕೀಬೋರ್ಡ್ ತಗೋಬೇಕು ಅಂತ ಮಾಡೀನಿ, ಯಾವುದು ಚಲೋ?" ಪ್ರಥಮ ಪಿಯುಸಿಯಲ್ಲಿ 'ತರಂಗಗಳು' ಅಧ್ಯಾಯ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ನನ್ನನ್ನು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವವರಲ್ಲಿ ಹಲವರ ಮನೆ ನಡೆಯುವುದು ನಮ್ಮೂರ ಮೆಣಸಿನಕಾಯಿ ಪೇಟೆಯ ಮೇಲೆ. ತಂದೆ ಚೀಲ ಹೊತ್ತು, ತಾಯಿ ತೊಟ್ಟು ಬಿಡಿಸಿ ತಂದ ಹಣ ಅದು. ಆ ಹಣದಲ್ಲಿ ಕೊಂಡ ಪೆಟ್ಟಿಗೆ ಆರು ತಿಂಗಳಲ್ಲಿ ಅಟ್ಟ ಸೇರಬಾರದು. ಆದ್ದರಿಂದ ಉತ್ತರವನ್ನು ಪಾಠದ ರೂಪದಲ್ಲೇ ಬರೆಯುತ್ತಿದ್ದೇನೆ.

ಮೊದಲು, ಅದು ಏನು?

ಅಂಗಡಿಯಲ್ಲಿ 'ಕೀಬೋರ್ಡ್' ಎಂದು ಕರೆಯುವುದರಲ್ಲಿ ಎರಡು ಜಾತಿ. ಒಂದು, ಸಿದ್ಧ ಧ್ವನಿ ಮತ್ತು ಸಿದ್ಧ ತಾಳ ತುಂಬಿಟ್ಟ ಅರೇಂಜರ್. ಬಟನ್ ಒತ್ತಿದರೆ ಪಿಯಾನೊ, ಇನ್ನೊಂದು ಒತ್ತಿದರೆ ಕೊಳಲು. ಎರಡನೆಯದು ಸಿಂಥಸೈಜರ್. ಇದರಲ್ಲಿ ಧ್ವನಿಯನ್ನು ನಾವೇ ಕಟ್ಟಬೇಕು. ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಗುರಿಯಿದ್ದರೆ ಅರೇಂಜರೇ ಸರಿ. ಧ್ವನಿಯನ್ನು ತಿಳಿಯುವ, ಹೊಸದನ್ನು ಮಾಡುವ ಆಸೆಯಿದ್ದರೆ ಸಿಂಥಸೈಜರ್.

ಕಟ್ಟುವುದು ಹೇಗೆ? ಮೂರು ಹಂತ. ಮೊದಲನೆಯದು ಆಸಿಲೇಟರ್, ಕಚ್ಚಾ ತರಂಗ ಹುಟ್ಟುವ ಜಾಗ. ಗರಗಸದ ಹಲ್ಲಿನಂಥ ತರಂಗದಲ್ಲಿ 1, 2, 3, 4 ಹೀಗೆ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ. ಚೌಕ ತರಂಗದಲ್ಲಿ 1, 3, 5, 7 ಮಾತ್ರ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಬೆಸ ಹಾರ್ಮೋನಿಕ್‌ಗಳಷ್ಟೇ ಹುಟ್ಟುತ್ತವೆ ಎಂದು ಓದಿದ್ದೀರಿ. ಚೌಕ ತರಂಗ ಕ್ಲಾರಿನೆಟ್ಟಿನಂತೆ ಟೊಳ್ಳಾಗಿ ಕೇಳುವುದಕ್ಕೆ ಕಾರಣ ಅದೇ. ಎರಡನೆಯದು ಫಿಲ್ಟರ್. ಖಾರದಪುಡಿ ಗಿರಣಿಯ ಜರಡಿ ನೆನಪಿಸಿಕೊಳ್ಳಿ. ಜರಡಿ ದಪ್ಪ ಚೂರನ್ನು ತಡೆದು ಸಣ್ಣದನ್ನು ಬಿಡುವಂತೆ, ಈ ಫಿಲ್ಟರ್ ಎತ್ತರದ ಆವೃತ್ತಿಗಳನ್ನು ತಡೆದು ಕೆಳಗಿನವನ್ನು ಬಿಡುತ್ತದೆ. ಮೂರನೆಯದು ಎನ್ವೆಲಪ್. ಧ್ವನಿ ಎಷ್ಟು ಬೇಗ ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಆರಬೇಕು ಎಂಬುದನ್ನು ಇದು ಹೇಳುತ್ತದೆ. ತಬಲಾದ ಪೆಟ್ಟು ತಟ್ಟನೆ ಎದ್ದು ಆರುತ್ತದೆ; ಶಹನಾಯಿಯ ಸ್ವರ ಉಸಿರು ಇರುವವರೆಗೆ ನಿಲ್ಲುತ್ತದೆ. ಈ ಮೂರು ತಿಳಿದವರಿಗೆ ಯಾವ ಕಂಪನಿಯ ಯಂತ್ರವೂ ಹೊಸದಲ್ಲ.

ನಮ್ಮ ಸ್ವರಕ್ಕೆ ಒಂದು ತೊಡಕು

ನಮ್ಮ ಸೀಮೆ ಹಿಂದೂಸ್ತಾನಿ ಸಂಗೀತದ ಸೀಮೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್. ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹುಟ್ಟಿದ್ದು ನಮ್ಮ ಪಕ್ಕದ ಹಾನಗಲ್ ತಾಲ್ಲೂಕಿನಲ್ಲಿ. ಈ ಸಂಗೀತ ಕೇಳಿ ಬೆಳೆದ ಕಿವಿಗೆ ಕೀಬೋರ್ಡಿನ ಗಾಂಧಾರ ಸ್ವಲ್ಪ ಒರಟು ಅನ್ನಿಸುವುದಕ್ಕೆ ಲೆಕ್ಕವಿದೆ.

ಷಡ್ಜ 240 ಹರ್ಟ್ಸ್ ಇರಲಿ. ಶುದ್ಧ ಗಾಂಧಾರ ಅದರ 5/4 ಪಟ್ಟು, ಅಂದರೆ 300 ಹರ್ಟ್ಸ್. ಕೀಬೋರ್ಡಿನಲ್ಲಿ ಸಪ್ತಕವನ್ನು 12 ಸಮ ಅನುಪಾತಗಳಾಗಿ ಭಾಗಿಸಿರುವುದರಿಂದ ಅದೇ ಸ್ವರ ಸುಮಾರು 302.4 ಹರ್ಟ್ಸ್‌ಗೆ ಬರುತ್ತದೆ. ಷಡ್ಜದ 5ನೇ ಹಾರ್ಮೋನಿಕ್ 1200. ಈ ಗಾಂಧಾರದ 4ನೆಯದು ಸುಮಾರು 1209.5. ಎರಡೂ ಕೂಡಿದಾಗ ಸೆಕೆಂಡಿಗೆ ಒಂಬತ್ತಕ್ಕೂ ಹೆಚ್ಚು ಬೀಟ್ಸ್. ಆ ನಡುಕವೇ ಒರಟುತನ. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತು. ಅದರಲ್ಲಿ ಮೀಂಡ್ ಎಳೆಯಲೂ ಬರುವುದಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರವಿಟ್ಟದ್ದರ ಹಿಂದೆ ಈ ವಾದವೂ ಇತ್ತು. ಆದ್ದರಿಂದ ಸಿಂಥಸೈಜರ್ ಕೊಳ್ಳುವಾಗ ನನ್ನ ಮೊದಲ ಪ್ರಶ್ನೆ: ಒಂದೊಂದು ಸ್ವರದ ಶ್ರುತಿಯನ್ನೂ ಬೇರೆಬೇರೆಯಾಗಿ ತಿದ್ದಲು ಬರುತ್ತದೆಯೇ?

ನನ್ನ ಮೂರು ಆಯ್ಕೆ

ಒಂದು, ಸರ್ಜ್ ಎಕ್ಸ್‌ಟಿ. ಇದು ಕಂಪ್ಯೂಟರಿನಲ್ಲಿ ನಡೆಯುವ ಸಿಂಥಸೈಜರ್. ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಮೇಲೆ ಹೇಳಿದ ಮೂರು ಹಂತಗಳೂ ಪರದೆಯ ಮೇಲೆ ಕಣ್ಣಿಗೆ ಕಾಣುತ್ತವೆ, ಶ್ರುತಿಯನ್ನೂ ಬದಲಿಸಬಹುದು.

ಎರಡು, ಎಲೆಕ್ಟ್ರಾನಿಕ್ ತಂಬೂರಿ. ಇದು ನಮ್ಮ ಕರ್ನಾಟಕದ ಕೊಡುಗೆ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆ ಇದನ್ನು ದೇಶದ ಮನೆಮನೆಗೆ ತಲುಪಿಸಿತು. ಕೀಲಿಮಣೆ ಇಲ್ಲ, ರಾಗ ನುಡಿಸುವುದಿಲ್ಲ. ಶ್ರುತಿ ಹಿಡಿದು ನಿಲ್ಲುತ್ತದೆ ಅಷ್ಟೇ. ಆದರೆ ಕಿವಿ ತಯಾರಾಗುವುದು ಇದರ ಮುಂದೆಯೇ.

ಮೂರು, ಕಾರ್ಗ್ ಮೊನೊಲಾಗ್. 25 ಕೀಲಿ, ಒಂದು ಸಲಕ್ಕೆ ಒಂದೇ ಸ್ವರ. ಇದನ್ನು ಕೊರತೆ ಎನ್ನುವವರಿದ್ದಾರೆ. ರಾಗಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಸಾಕು. ಸ್ವರಗಳ ಶ್ರುತಿ ತಿದ್ದಲು ಬರುತ್ತದೆ. ಆರು ಪೆನ್ಸಿಲ್ ಸೆಲ್‌ಗಳಲ್ಲಿ ನಡೆಯುವುದರಿಂದ ಕರೆಂಟ್ ಹೋದರೂ ಅಭ್ಯಾಸ ನಿಲ್ಲದು. ತಂಡದ ಹಾಡಿಗೆ ಹಲವು ಸ್ವರ ಒಟ್ಟಿಗೆ ಬೇಕೆನ್ನುವವರು ಇದರ ಬದಲು ಯಮಹಾ ರಿಫೇಸ್ ಸಿಎಸ್ ನೋಡಬಹುದು: 37 ಸಣ್ಣ ಕೀಲಿ, ಒಟ್ಟಿಗೆ ಎಂಟು ಸ್ವರ, ಒಳಗೇ ಸ್ಪೀಕರ್.

ಮೂರೇ ಸಾಕೇ? 1982ರಲ್ಲಿ ಮುಂಬೈನ ಚಲನಚಿತ್ರ ವಾದಕ ಚರಣಜಿತ್ ಸಿಂಗ್ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಎಂಬ ಇಡೀ ರೆಕಾರ್ಡನ್ನು ಮೂರು ರೋಲ್ಯಾಂಡ್ ಯಂತ್ರಗಳಿಂದ ಮಾಡಿದರು: ಜುಪಿಟರ್-8, ಟಿಬಿ-303, ಟಿಆರ್-808. ಆಗ ಅದನ್ನು ಕೊಂಡವರು ಕಡಿಮೆ. ಸುಮಾರು ಮೂರು ದಶಕದ ನಂತರ ಮರುಮುದ್ರಣವಾದಾಗ ಜಗತ್ತು ಬೆರಗಾಗಿ ಕೇಳಿತು. ರಾಗ ಅವರ ಕೈಯಲ್ಲಿ ಮೊದಲೇ ಇತ್ತು, ಅದಕ್ಕೇ ಮೂರು ಯಂತ್ರ ಸಾಕಾದವು.

ಮನೆಯವರ ಮಾತು

ನಮ್ಮ ಕೆಲವು ಮನೆಗಳಲ್ಲಿ ವಾದ್ಯ ಬೇಡ ಎನ್ನುವ ಹಿರಿಯರಿದ್ದಾರೆ. ಅವರಿಗೆ ಕದ್ದು ಕೊಳ್ಳಿರಿ ಎಂದು ನಾನು ಹೇಳುವುದಿಲ್ಲ. ಕೂತು ಮಾತಾಡಿ, ಅವರ ಮಾತನ್ನು ಗೌರವಿಸಿ. ವಾದ್ಯ ಕೊಳ್ಳದವರಿಗೂ ಶಬ್ದದ ವಿದ್ಯೆ ಮುಚ್ಚಿದ ಬಾಗಿಲಲ್ಲ. ಅಲ್ ಫಾರಾಬಿ ಸಂಗೀತಶಾಸ್ತ್ರದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂಬ ಮೂವರು ಸಹೋದರರು ತಾನೇ ನುಡಿಯುವ ಕೊಳಲನ್ನು ವಿವರಿಸಿದರು. ಮೊಳೆ ಜೋಡಿಸಿದ ಉರುಳೆ ತಿರುಗುತ್ತ ಕೊಳಲಿನ ರಂಧ್ರಗಳನ್ನು ತೆರೆದು ಮುಚ್ಚುತ್ತಿತ್ತು. ಮೊಳೆಯ ಜಾಗ ಬದಲಿಸಿದರೆ ಧಾಟಿಯೂ ಬದಲು. ಮೊನೊಲಾಗ್‌ನ 16 ಹೆಜ್ಜೆಯ ಸೀಕ್ವೆನ್ಸರ್ ಮಾಡುವುದೂ ಇದೇ ಕೆಲಸವನ್ನು.

ಕೊಳ್ಳುವ ಮೊದಲು ಮನೆಗೆಲಸ

ಒಂದು ತಿಂಗಳು ಹಣ ಬಿಚ್ಚಬೇಡಿ. ಕಂಪ್ಯೂಟರಿನಲ್ಲಿ ಸರ್ಜ್ ಎಕ್ಸ್‌ಟಿ ಹಾಕಿಕೊಂಡು, ಹೆಡ್‌ಫೋನ್ ಹಚ್ಚಿ ಮೂರು ಕೆಲಸ ಮಾಡಿ. ಮೊದಲ ವಾರ ಗರಗಸ ಮತ್ತು ಚೌಕ ತರಂಗಗಳ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಗುರುತಿಸಿ. ಎರಡನೇ ವಾರ ಫಿಲ್ಟರ್ ಮತ್ತು ಎನ್ವೆಲಪ್ ಅಷ್ಟನ್ನೇ ತಿರುಗಿಸಿ ಒಂದು ಶಹನಾಯಿ, ಒಂದು ಡೋಲಿನ ಪೆಟ್ಟು ಕಟ್ಟಿ. ಉಳಿದ ಎರಡು ವಾರ 300 ಮತ್ತು 302.4 ಹರ್ಟ್ಸ್ ಗಾಂಧಾರಗಳನ್ನು 240ರ ಷಡ್ಜದ ಜೊತೆ ಕೇಳಿ, ಬೀಟ್ಸ್ ಎಣಿಸಲು ಯತ್ನಿಸಿ. ತಿಂಗಳಾದ ಮೇಲೂ ಆಸೆ ಆರದಿದ್ದರೆ ಬನ್ನಿ, ಯಾವುದನ್ನು ಕೊಳ್ಳುವುದು ಎಂದು ಲೆಕ್ಕ ಹಾಕೋಣ. ಆಸೆ ಆರಿದ್ದರೂ ನಷ್ಟವಿಲ್ಲ: ಮನೆಯ ಹಣ ಉಳಿಯಿತು, ತರಂಗಗಳ ಅಧ್ಯಾಯ ಪಕ್ಕಾ ಆಯಿತು.